ಆಫ್ ಮಾಡ್ಬೇಕಾ, ಹಂಗೇ ಬಿಡ್ಬೇಕಾ?

ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀವು ಏನೇ ಓದಿ ಬನ್ನಿ, ಎಂಥ ಸರ್ಟಿಫಿಕೇಟನ್ನೇ ಗೋಡೆಗೆ ತೂಗುಹಾಕಿ, ಜನ ನಿಮ್ಮನ್ನು ಕೇಳುವುದು ಒಂದೇ ಪ್ರಶ್ನೆ. ಅದೂ ಕೆಲಸ ಶುರು ಮಾಡುವಾಗ ಅಲ್ಲ. ಡಬ್ಬಿ ಮುಚ್ಚಿ, ಸ್ಕ್ರೂ ಬಿಗಿದು, ಕೈ ತೊಳೆದುಕೊಂಡು, ಮನೆಯವರು ಕೊಟ್ಟ ಚಹಾ ಅರ್ಧ ಕುಡಿದಿರುತ್ತೀರಿ. ಇನ್ನೇನು ಎದ್ದು ಹೊರಡಬೇಕು, ಆಗ ಬರುತ್ತದೆ.

"ಅಲ್ರೀ, ಕೆಲಸ ಆದ್ಮೇಲೆ ಇದನ್ನ ಆಫ್ ಮಾಡ್ಬೇಕಾ, ಹಂಗೇ ಬಿಡ್ಬೇಕಾ?"

ದಾವಣಗೆರೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನನಗೆ ಕೆಲಸವಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರು ನನ್ನ ಪಾಲಿಗೆ ಬಂದಿದ್ದವು. ನಕ್ಷೆ ನೋಡಿದವರಿಗೆ ಗೊತ್ತು, ಜಗಳೂರು ಒಂದು ಮೂಲೆಗೆ, ಹೊನ್ನಾಳಿ ಇನ್ನೊಂದು ಮೂಲೆಗೆ. ಹಂಚಿದವರು ನಕ್ಷೆ ನೋಡಿರಲಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ 'ಸರ್ವೀಸ್ ಇಂಜಿನಿಯರ್' ಅಂತ ಅಚ್ಚಾಗಿತ್ತು, ಜನರ ಬಾಯಲ್ಲಿ ಮಾತ್ರ ನಾನು 'ಕಂಪ್ಯೂಟರ್ ಮಲ್ಲೇಶಪ್ಪ'. ಬೈಕು, ಹೆಗಲಿಗೊಂದು ಚೀಲ, ಚೀಲದೊಳಗೆ ಸ್ಕ್ರೂಡ್ರೈವರ್, ಧೂಳು ಊದುವ ಬ್ಲೋವರ್, ಮತ್ತೆ ಶಾಲೆ ಮಕ್ಕಳ ಒಂದು ರಬ್ಬರ್.

ರಬ್ಬರ್ ಯಾಕೆ ಅಂದರೆ ಅದು ನಮ್ಮ ಅಂಗಡಿ ಯಜಮಾನರ ಧನ್ವಂತರಿ. ಕಂಪ್ಯೂಟರ್ ಹತ್ತಲಿಲ್ಲವೇ, ರ‍್ಯಾಮ್ ಅನ್ನುವ ಮೆಮೊರಿ ಪಟ್ಟಿ ಕಿತ್ತು ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸುವುದು. ಬಹಳ ಸಲ ಅಷ್ಟಕ್ಕೇ ಹತ್ತಿಬಿಡುತ್ತಿತ್ತು, ಸುಳ್ಳು ಹೇಳಬಾರದು. ಆ ಎಂದೂ ಮುಗಿಯದ ಪ್ರಶ್ನೆಗೂ ಯಜಮಾನರು ನನಗೆ ಮೊದಲ ದಿನವೇ ಉತ್ತರ ಕಟ್ಟಿಕೊಟ್ಟಿದ್ದರು.

"ಮಲ್ಲೇಶಪ್ಪಾ, ಯಾರೇ ಕೇಳ್ಲಿ, ಆಫ್ ಮಾಡ್ರಿ ಅನ್ನು."

"ಯಾವಾಗ್ಲೂ ಹಚ್ಚಿಟ್ರೇ ಬಾಳಿಕೆ ಜಾಸ್ತಿ ಅಂತ ಪೇಪರ್‌ನಾಗೆ ಬರೆದಾರಲ್ರೀ?"

"ಪೇಪರ್‌ನಾಗೆ ಬರೆದೋರ ಮನೇಗೆ ಹೊನ್ನಾಳಿ ಕರೆಂಟ್ ಬರ್ತೈತೇನೋ?"

ಆಗಿನ ಕರೆಂಟು ನೋಡಿದವರಿಗೆ ಈ ಮಾತಿಗೆ ಎದುರಾಡಲು ಬಾಯಿ ಬರುವುದಿಲ್ಲ. ಬಲ್ಬು ಒಂದು ಗಳಿಗೆ ಕಣ್ಣು ಕೋರೈಸಿದರೆ ಇನ್ನೊಂದು ಗಳಿಗೆ ಕೆಂಡದಂತೆ ಮಿಣುಗುತ್ತಿತ್ತು. ನಿಜ ಹೇಳಬೇಕೆಂದರೆ ಎರಡು ಕಡೆಯ ವಾದವೂ ಸರಿಯೇ. ಪ್ರತಿ ಸಲ ಹಚ್ಚುವಾಗ ಯಂತ್ರಕ್ಕೆ ಒಂದು ಪೆಟ್ಟು ಬೀಳುತ್ತದೆ. ಹಚ್ಚಿಯೇ ಇಟ್ಟರೆ ಕಾವು, ಧೂಳು, ಕರೆಂಟು ಬಿಲ್ಲು. ಇಷ್ಟೆಲ್ಲ ವಿವರಿಸುತ್ತ ಕೂತರೆ ಮುಂದಿನ ಊರಿನ ಕೆಲಸ ಕೆಡುತ್ತದೆ. ಹಾಗಾಗಿ ನಾನೂ ಊರೂರಲ್ಲಿ ಸಾರುತ್ತ ಹೋದೆ: ಆಫ್ ಮಾಡ್ರಿ, ಆಫ್ ಮಾಡ್ರಿ.

ಕೇಳುವವರು ಕೇಳಬೇಕಲ್ಲ! ಚನ್ನಗಿರಿಯಲ್ಲಿ ಬಟ್ಟೆ ಅಂಗಡಿಯವರ ಮನೆಯ ನಾಗರತ್ನಮ್ಮ ಅಂತ ಒಬ್ಬರಿದ್ದರು. ಚಳಿಗಾಲ ಬಂತೆಂದರೆ ಅವರ ಮನೆಯಿಂದ ಫೋನು. "ಕಂಪ್ಯೂಟರ್ ತಾನೇ ತಾನಾಗಿ ಆಫ್ ಆಗ್ತೈತ್ರೀ." ನಾನು ಹೋಗುತ್ತಿದ್ದೆ, ಬಿಚ್ಚುತ್ತಿದ್ದೆ, ಧೂಳು ಊದುತ್ತಿದ್ದೆ, ರಬ್ಬರ್ ಉಜ್ಜುತ್ತಿದ್ದೆ. ಎದುರಿಗೆ ಇರುವಷ್ಟು ಹೊತ್ತು ಅದು ಬಂಗಾರದಂಥ ಯಂತ್ರ. ಚನ್ನಗಿರಿ ದಾಟಿ ತ್ಯಾವಣಿಗೆ ಮುಟ್ಟುವಷ್ಟರಲ್ಲಿ ಮತ್ತೆ ಫೋನು. ಯಜಮಾನರು ಬೈದರು, ನನಗೂ ತಲೆ ಕೆಟ್ಟಿತು. ಒಂದು ದಿನ ಹೇಳದೆ ಕೇಳದೆ ಹೋಗಿ ನಿಂತೆ. ಸಿಪಿಯು ಹಿಂದುಗಡೆ, ಬಿಸಿಗಾಳಿ ಹೊರಗೆ ಬರುವ ಜಾಗಕ್ಕೆ ಒತ್ತಿಕೊಂಡು, ಟವೆಲ್ ಸುತ್ತಿದ ಒಂದು ಸ್ಟೀಲ್ ಪಾತ್ರೆ!

"ಇದೇನ್ರಿ ನಾಗರತ್ನಮ್ಮಾರೇ?"

"ಹಾಲಿಗೆ ಹೆಪ್ಪು ಹಾಕೀನ್ರೀ. ಈ ಥಂಡಿಗೆ ಇನ್ನೆಲ್ಲಿ ಹೆಪ್ಪಾಗ್ಬೇಕು? ಅಲ್ಲಿ ಬೆಚ್ಚಗಿರ್ತೈತೆ."

"ಗಾಳಿ ಹೋಗೋ ದಾರಿ ಕಟ್ಟಿದ್ರೆ ಅದು ಉಸಿರು ಕಟ್ಟಿ ಆಫ್ ಆಗ್ದೆ ಇನ್ನೇನು ಮಾಡ್ತೈತ್ರೀ? ನೀವು ಇದನ್ನ ಆಫ್ ಮಾಡಂಗೇ ಇಲ್ವಾ?"

"ಆಫ್ ಮಾಡಿದ್ರೆ ಮೊಸರು?"

 ಕೊನೆಗೆ ಪಾತ್ರೆಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಅಂತ ಹೇಳಿ ಬಂದೆ. ಬರುವ ಮೊದಲು ಅದೇ ಮೊಸರು, ಅನ್ನ ಬಡಿಸಿದರು. ಚಮಚ ನೆಟ್ಟರೆ ನಿಲ್ಲುವಂತಿತ್ತು, ಏನು ಮೊಸರದು! ಅವತ್ತಿನಿಂದ ಯಾರ ಮನೆಗೆ ಹೋದರೂ ಸ್ಕ್ರೂ ಬಿಚ್ಚುವ ಮುಂಚೆ ಹಿಂದೆ ಇಣುಕುವ ಅಭ್ಯಾಸ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ.

ತ್ಯಾವಣಿಗೆಯಲ್ಲಿ ಇನ್ನೊಂದು ಥರ. ಅಲ್ಲೊಬ್ಬ ಗೊಬ್ಬರದ ವ್ಯಾಪಾರಿ, ನಾನು ಹೇಳಿದ್ದನ್ನು ಶಿರಸಾವಹಿಸಿ ಪಾಲಿಸುವ ಮನುಷ್ಯ. ಮುಂಗಾರಿನ ಮುಂಚೆ ಗುಡುಗು ಸಿಡಿಲಿನ ಮಳೆ ಬರುತ್ತದಲ್ಲ, ಅದರ ಮಾರನೇ ದಿನ ಬೆಳಿಗ್ಗೆಯೇ ಫೋನು. ಹೋದರೆ ಕಂಪ್ಯೂಟರಿನ ಒಳಗೆಲ್ಲ ಸುಟ್ಟ ವಾಸನೆ.

"ಆಫ್ ಮಾಡ್ರಿ ಅಂದ್ರಿ, ಆಫ್ ಮಾಡೀನಿ. ಆಫ್ ಆಗಿದ್ದು ನನ್ನ ಕಣ್ಣಾರೆ ನೋಡೀನಿ. ಮತ್ತೆ ಹೆಂಗೆ ಸುಡ್ತು ಹೇಳ್ರಿ ನೋಡೋಣ?"

ಸಿಡಿಲು ಇಂಟರ್ನೆಟ್ಟಿಗೆಂದು ಸಿಕ್ಕಿಸಿದ್ದ ಟೆಲಿಫೋನ್ ತಂತಿ ಹಿಡಿದು ಬಂದಿತ್ತು. ಸಿಡಿಲಿಗೆ ನಮ್ಮ ಸ್ವಿಚ್ಚು ಒಂದು ಲೆಕ್ಕವೇ? ಅಲ್ಲಿಂದ ನನ್ನ ಪ್ರವಚನಕ್ಕೆ ಇನ್ನೊಂದು ಸಾಲು ಸೇರಿತು: ಆಫ್ ಮಾಡ್ರಿ, ಗುಡುಗಿದರೆ ಪ್ಲಗ್ಗೂ ಕೀಳ್ರಿ, ಫೋನ್ ವೈರೂ ಕೀಳ್ರಿ. ಅದನ್ನೂ ಆ ಮನುಷ್ಯ ಶ್ರದ್ಧೆಯಿಂದ ಪಾಲಿಸಿದ. ಮುಂದಿನ ಮಳೆಗೆ ಗಡಿಬಿಡಿಯಲ್ಲಿ ಫ್ರಿಜ್ಜಿನ ಪ್ಲಗ್ಗು ಕಿತ್ತಿಟ್ಟು, ಕಂಪ್ಯೂಟರಿನದು ಹಾಗೇ ಬಿಟ್ಟು, ಅತ್ತೆಮನೆಗೆ ಹೋಗಿಬಿಟ್ಟಿದ್ದ. ಆ ಸಲ ಸಿಡಿಲು ಬರಲಿಲ್ಲ, ಫ್ರಿಜ್ಜಿನಲ್ಲಿದ್ದ ಹಾಲು ತರಕಾರಿ ಮಾತ್ರ ಬೀದಿಗೆ ಹೋಯಿತು.

ನ್ಯಾಮತಿಯ ಜೋಯಿಸರ ಕಥೆಯನ್ನಂತೂ ಯಜಮಾನರು ನಾನು ನಿವೃತ್ತನಾಗುವವರೆಗೂ ಹೇಳಿಕೊಂಡು ನಕ್ಕರು. ಜೋಯಿಸರು ಜಾತಕ, ಮುಹೂರ್ತ ಎಲ್ಲ ಕಂಪ್ಯೂಟರಿನಲ್ಲಿ ನೋಡುತ್ತಿದ್ದರು. ಯಂತ್ರ ಯಾವಾಗಲೂ ಹಚ್ಚಿರುತ್ತಿತ್ತು. ನಾನು ಹೋದವನು ಅಭ್ಯಾಸದಂತೆ ಆಫ್ ಮಾಡ್ರಿ ಅಂದೆ. ಅದರೊಳಗೆ ತಾರೀಕು ನೆನಪಿಟ್ಟುಕೊಳ್ಳುವ ಒಂದು ಪುಟ್ಟ ಬ್ಯಾಟರಿ ಇರುತ್ತದೆ, ಅದು ಯಾವಾಗಲೋ ಸತ್ತಿತ್ತು. ಪ್ಲಗ್ಗು ಕಿತ್ತು ಮಲಗಿಸಿ ಬೆಳಿಗ್ಗೆ ಎಬ್ಬಿಸಿದರೆ ಕಂಪ್ಯೂಟರಿಗೆ ಸಾವಿರದ ಒಂಬೈನೂರ ಎಂಬತ್ತನೇ ಇಸವಿಯೇ ಇವತ್ತು! ಜೋಯಿಸರು ಅದನ್ನೇ ನಂಬಿ, ಬಂದವರಿಗೆ ಎಂದೋ ಕಳೆದುಹೋದ ವೈಶಾಖದಲ್ಲಿ ಮದುವೆ ಮುಹೂರ್ತ ತೆಗೆದುಕೊಟ್ಟಿದ್ದಾರೆ.

"ಏನಯ್ಯಾ, ಹುಡುಗಿ ಹುಟ್ಟೋಕೆ ಮುಂಚೆನೇ ಲಗ್ನ ಇಡಿಸಿದ್ಯಲ್ಲಯ್ಯಾ!" ಅಂತ ಜೋಯಿಸರು ಫೋನಿನಲ್ಲಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ಅವರೇ ನಕ್ಕರು. ಒಳ್ಳೆಯ ಮನುಷ್ಯ.

ಇವೆಲ್ಲ ನಗುವ ಮಾತಾಯಿತು. ಆಫ್ ಮಾಡುವ, ಮಾಡದಿರುವ ಪ್ರಶ್ನೆ ಒಬ್ಬರ ಬದುಕಿಗೇ ತಗುಲಿದ್ದು ನಾನು ಕಂಡದ್ದು ಒಂದೇ ಸಲ. ನಿವೃತ್ತಿ ಹತ್ತಿರ ಬಂದ ದಿನಗಳು. ಕಾಲ ಬದಲಾಗಿತ್ತು. ಸಿಪಿಯು ಹೊತ್ತುಕೊಂಡು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿ ತರುವುದು ನಿಂತು, ಅಂಗಡಿಯಲ್ಲಿ ಕೂತೇ ದೂರದವರ ಯಂತ್ರ ತೆರೆದು ನೋಡುವಂತಾಗಿತ್ತು. ಟೆಲಿಫೋನ್ ತಂತಿಯ ಜಾಗಕ್ಕೆ ಫೈಬರ್ ಬಂದಿತ್ತು. ಹೊನ್ನಾಳಿಯಿಂದ ಪಾರ್ವತಮ್ಮ ಅನ್ನುವವರು ಫೋನು ಮಾಡಿದರು.

"ಮಲ್ಲೇಶಪ್ಪಾರೇ, ಎರಡು ಕಂಪ್ಯೂಟರ್ ಒಂದು ಮಾಡ್ಬೇಕಿತ್ತು."

"ಎಲ್ಲೆಲ್ಲಿ ಅದಾವ್ರೀ ಎರಡು?"

"ಒಂದು ನಮ್ಮನೇಲಿ. ಇನ್ನೊಂದು ಜಗಳೂರಿನಾಗೆ, ನಮ್ಮಕ್ಕನ ಮನೇಲಿ."

ಅಕ್ಕ ಅಂದರೆ ಗೌರಮ್ಮ. ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ದಾವಣಗೆರೆಯಲ್ಲಿ ಆಪರೇಷನ್ ಆಗಿ, ಮೂಳೆ ಕೂಡಿ, ಡಾಕ್ಟರು ವಾಕರ್ ಹಿಡಿದು ನಡೆಯಿರಿ ಅಂದಿದ್ದರು. ಗೌರಮ್ಮ ಮಂಚ ಬಿಟ್ಟು ಇಳಿಯಲಿಲ್ಲ. ಮಗ ಬಸ್ ಕಂಡಕ್ಟರ್, ಸೊಸೆ ಮಂಜುಳ ಪಕ್ಕದ ಊರು ಸೊಕ್ಕೆಯಲ್ಲಿ ಅಂಗನವಾಡಿ ಟೀಚರ್. ಇಬ್ಬರೂ ಕೆಲಸಕ್ಕೆ ಹೋದರೆ ಗೌರಮ್ಮ ಹಗಲೆಲ್ಲ ಸೂರು ನೋಡುತ್ತ ಮಲಗುತ್ತಿದ್ದರು. ಪಾರ್ವತಮ್ಮ ಹೋಗಿ ಕೆಲವು ದಿನ ಇದ್ದು ಬಂದಿದ್ದರು. ಗಂಡ ರಾಜಣ್ಣ, ಗದ್ದೆ, ದನ ಬಿಟ್ಟು ಎಷ್ಟು ದಿನ ಇದ್ದಾರು? ಎರಡೂ ಮನೆಯಲ್ಲಿ ಮಕ್ಕಳ ಕಾಲೇಜಿನ ಕಾಲದ ಹಳೆಯ ಕಂಪ್ಯೂಟರುಗಳಿದ್ದವು. ಅವಕ್ಕೆ ಕ್ಯಾಮೆರಾ ಹಾಕಿ, ಅಕ್ಕ ಇಲ್ಲಿ, ತಂಗಿ ಅಲ್ಲಿ ಕಾಣುವಂತೆ ಮಾಡಿಕೊಡಬೇಕು.

"ಮೊಬೈಲ್‌ನಾಗೇ ವಿಡಿಯೋ ಕಾಲ್ ಮಾಡ್ಬಹುದಲ್ರೀ?" ಅಂದೆ.

"ಮೊಬೈಲ್ ಕೈಯಾಗೆ ಹಿಡ್ಕೊಂಡ್ರೆ ಮಾತಾಡ್ಲೇಬೇಕಾಗ್ತೈತ್ರೀ. ನಮಗೆ ಮಾತಾಡಾಕಲ್ಲ. ಅವಳು ಅಲ್ಲಿರ್ಬೇಕು, ನಾನು ಇಲ್ಲಿರ್ಬೇಕು. ಅಷ್ಟೇ."

ಈ ಮಾತು ನನಗೆ ತುಂಬಾ ಹಿಡಿಸಿತು. ಎರಡೂ ಕಡೆ ಹೋಗಿ ಕೂಡಿಸಿಕೊಟ್ಟೆ. ಗೌರಮ್ಮನಿಗೆ ಮೌಸ್ ಹಿಡಿಯುವ ಕಷ್ಟ ಬೇಡವೆಂದು, ಯಂತ್ರ ಹಚ್ಚಿದರೆ ಸಾಕು ತಾನಾಗಿಯೇ ಕಾಲ್ ತೆಗೆದುಕೊಳ್ಳುವಂತೆ ಮಾಡಿದೆ. ಚಹಾ ಬಂತು. ಪ್ರಶ್ನೆ ಬರುವ ಮುಂಚೆ ನಾನೇ ಹೇಳಿದೆ, ಮಲಗುವಾಗ ಆಫ್ ಮಾಡಿಬಿಡಿ ಅಂತ.

"ಆಫ್ ಮಾಡೋದಾದ್ರೆ ನಿಮ್ಮನ್ಯಾಕೆ ಕರೀತಿದ್ದೆ ನಾನು? ನಮ್ಮಕ್ಕ ಕಣ್ಣು ಬಿಟ್ರೆ ನಾನು ಕಾಣ್ಬೇಕು. ಆಫ್ ಮಾಡಂಗೇ ಇಲ್ಲ" ಅಂದರು ಪಾರ್ವತಮ್ಮ.  ಎರಡೂ ಕಡೆ ಯುಪಿಎಸ್ ಹಾಕಿ, ಆಗಾಗ ಬಂದು ಧೂಳು ಊದುತ್ತೇನೆಂದು ಹೇಳಿ ಬಂದೆ.

ಹಾಗೆ ಹೋದಾಗೆಲ್ಲ ಆ ಅಕ್ಕತಂಗಿಯರನ್ನು ನೋಡುವುದೇ ಒಂದು ಸಂತೋಷ. ಪಾರ್ವತಮ್ಮ ಅಡುಗೆಮನೆ ಬಾಗಿಲಿಗೆ ಎದುರಾಗಿ ಕಂಪ್ಯೂಟರ್ ಇಟ್ಟುಕೊಂಡಿದ್ದರು. ಒಬ್ಬರು ಹೊನ್ನಾಳಿಯಲ್ಲಿ ಅಕ್ಕಿ ಆರಿಸುತ್ತಿದ್ದಾರೆ, ಇನ್ನೊಬ್ಬರು ಜಗಳೂರಿನಲ್ಲಿ ದಿಂಬಿಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ಬಹಳ ಹೊತ್ತು ಒಂದು ಮಾತಿಲ್ಲ. ಇದ್ದಕ್ಕಿದ್ದಂತೆ ಜಗಳೂರಿನಿಂದ ಕೂಗು: "ಲೇ ಪಾರೀ, ಹಾಲು ಉಕ್ತೈತೆ ನೋಡೇ!"

ಪಾರ್ವತಮ್ಮ ಎದ್ದೆನೋ ಬಿದ್ದೆನೋ ಅಂತ ಒಲೆಗೆ ಓಡುತ್ತಿದ್ದರು. ರಾಜಣ್ಣ ನನ್ನ ಕಡೆ ತಿರುಗಿ, "ನೋಡ್ರೀ ಮಲ್ಲೇಶಪ್ಪಾರೇ, ನಮ್ಮನೆ ಹಾಲು ಕಾಯೋರು ಜಗಳೂರಿನಾಗದಾರೆ" ಅನ್ನುತ್ತಿದ್ದರು.

ಗೌರಮ್ಮ ಊಟ ಮಾಡತೊಡಗಿದರು, ನಗತೊಡಗಿದರು, ಬೈಯತೊಡಗಿದರು. ಆದರೆ ನಡೆಯಲಿಲ್ಲ. ವಾಕರ್ ಗೋಡೆಗೆ ಒರಗಿ ನಿಂತಿತ್ತು, ಅದರ ಮೇಲೆ ಟವೆಲ್ ಒಣಗುತ್ತಿತ್ತು. ಪಾರ್ವತಮ್ಮ ದಿನಾ ಕೇಳುವುದು, "ಇವತ್ತು ಎದ್ಯೇನೇ ಅಕ್ಕಾ?" ಗೌರಮ್ಮ ದಿನಾ ಹೇಳುವುದು, "ನಾಳೆ ನೋಡಾನೇಳು." ಒಂದು ಸಲ ಜಗಳೂರಿಗೆ ಹೋದಾಗ ಮಂಜುಳ ಬಾಗಿಲಾಚೆ ನನ್ನನ್ನು ನಿಲ್ಲಿಸಿ ಹೇಳಿದರು.

"ಸಾರ್, ಕಂಪ್ಯೂಟರ್ ಬಂದ್ಮೇಲೆ ಅತ್ತೆ ಖುಷಿಯಾಗದಾರೆ, ಇಲ್ಲ ಅನ್ನಲ್ಲ. ಆದ್ರೆ ಚಿಕ್ಕಮ್ಮ ಮಂಚದ ಪಕ್ಕದಾಗೇ ಕಾಣ್ತಾರಲ್ಲ, ಇನ್ಯಾಕೆ ಏಳ್ಬೇಕು ಅಂತ ಮಲಗಿಬಿಟ್ಟಾರೆ. ಹಿಂಗೇ ಮಲಗಿದ್ರೆ ಮುಂದೆ ಕಾಲು ಮಾತು ಕೇಳಲ್ಲ ಅಂತ ಡಾಕ್ಟ್ರು ಹೇಳ್ಯಾರೆ."

ಒಳಗೆ ಹೋಗಿ ನಾನೂ ಒಂದು ಮಾತು ಹೇಳಿ ನೋಡಿದೆ. ಗೌರಮ್ಮ ನಗುತ್ತಲೇ ಉತ್ತರ ಕೊಟ್ಟರು. "ಮತ್ತೆ ಬಿದ್ರೆ ಯಾರಪ್ಪಾ ಎತ್ತೋರು? ಪಾರಿ ಮನೆ ಹೊಸ್ತಿಲು ನಾನಿನ್ನು ತುಳಿಯೋದು ಸುಳ್ಳು. ಇದ್ರಾಗೇ ನೋಡ್ತೀನಿ, ಸಾಕು ಬಿಡು." ಅವರು ನಕ್ಕರೂ ನನಗೆ ನಗು ಬರಲಿಲ್ಲ. ಬಹಳ ಬೇಜಾರಾಯಿತು. ಇದನ್ನೆಲ್ಲ ಕೂಡಿಸಿ ಕೊಟ್ಟವನು ನಾನೇ ಅಲ್ಲವೇ ಅನ್ನಿಸಿತು.

ಆಮೇಲೆ ಬಂತು ಆಯುಧಪೂಜೆ. ನಮ್ಮ ಕಸುಬಿನವರಿಗೆ ಆಯುಧಪೂಜೆಯ ಮಾರನೇ ದಿನವೇ ನಿಜವಾದ ಸುಗ್ಗಿ, ಇದನ್ನು ಯಾವ ಕಾಲೇಜೂ ಹೇಳಿಕೊಡುವುದಿಲ್ಲ. ವರ್ಷವೆಲ್ಲ ಹಚ್ಚಿಟ್ಟ ಯಂತ್ರವನ್ನು ಅವತ್ತೊಂದು ದಿನ ಆಫ್ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಬಳಿದು, ಹೂವು ಏರಿಸಿ, ಫ್ಯಾನಿನ ಸಂದಿಗೆ ಊದುಬತ್ತಿ ಸಿಕ್ಕಿಸಿ ಕೈಮುಗಿಯುತ್ತಾರೆ. ಮಾರನೇ ದಿನ ಅದು ಏಳುವುದಿಲ್ಲ. "ಪೂಜೆ ಮಾಡಿದ್ದೇ ತಪ್ಪಾತೇನ್ರೀ?" ಅಂತ ಫೋನು. ಪೂಜೆಯದು ತಪ್ಪಿಲ್ಲ. ಒಳಗೆ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿ ಹಳತಾಗಿದ್ದರೂ ಕಾವಿನಲ್ಲಿ ಹೇಗೋ ಓಡುತ್ತಿರುತ್ತದೆ, ಒಮ್ಮೆ ತಣ್ಣಗಾದರೆ ಮತ್ತೆ ಏಳುವ ಶಕ್ತಿ ಇರುವುದಿಲ್ಲ.

ಹೊನ್ನಾಳಿಯಲ್ಲೂ ಅದೇ ಆಯಿತು. ಅವತ್ತು ಬೆಳಿಗ್ಗೆ ಪಾರ್ವತಮ್ಮ ಹೋಳಿಗೆಗೆ ಹೂರ್ಣ ರುಬ್ಬುತ್ತಿದ್ದರಂತೆ. ಜಗಳೂರಿನ ಮಂಚದಿಂದ ಗೌರಮ್ಮ ನೋಡಿ, "ಪಾರೀ, ಹೂರ್ಣ ನೀರಾಗೈತೆ ಕಣೇ" ಅಂದರಂತೆ. "ಇಲ್ಲಿಂದ ಇಲ್ಲಿಗೆ ನನಗೆ ಕಾಣಲ್ಲ, ನಿನಗೆ ಜಗಳೂರಿನಿಂದ ಕಾಣ್ತೈತಾ?" ಅಂತ ತಂಗಿ. "ಅವ್ವನ ಹತ್ರ ಹೋಳಿಗೆ ಕಲ್ತೋಳು ನಾನು" ಅಂತ ಅಕ್ಕ. ಜಗಳ ಜೋರಾಗಿ ಹತ್ತಿದ ಹೊತ್ತಿಗೇ ರಾಜಣ್ಣ ಪಂಚೆ ಉಟ್ಟುಕೊಂಡು, ಟಿಲ್ಲರಿಗೆ, ಮಿಕ್ಸಿಗೆ ಪೂಜೆ ಮುಗಿಸಿ ವಿಭೂತಿ ಗಟ್ಟಿ ಹಿಡಿದು ಬಂದವರು, ಹಿಂದುಮುಂದು ನೋಡದೆ ಕಂಪ್ಯೂಟರಿನ ಸ್ವಿಚ್ಚು ಆರಿಸಿಬಿಟ್ಟರು. ಜಗಳೂರಿನಲ್ಲಿ ಗೌರಮ್ಮನಿಗೆ ಕಂಡದ್ದು ಇಷ್ಟೇ: ತಂಗಿ ಬಾಯಿ ತೆರೆದಳು, ಮಾಯವಾದಳು.

"ನನ್ನ ಮುಖದ ಮೇಲೇ ಆಫ್ ಮಾಡಿದ್ಲು!" ಅಂತ ಗೌರಮ್ಮ ಸಿಟ್ಟಾಗಿ ಕೂತರು. ಅಲ್ಲಿ ಮಂಜುಳ ಕೂಡ ಪೂಜೆಗೆಂದು ಕಂಪ್ಯೂಟರನ್ನು ಕೋಣೆಯಿಂದ ಹಾಲಿಗೆ ಎತ್ತಿಕೊಂಡು ಹೋಗಿ, ಹೊಲಿಗೆ ಯಂತ್ರದ ಪಕ್ಕ ಇಟ್ಟು ಹೂವು ಏರಿಸಿದ್ದರು. ಹಬ್ಬ ಮುಗಿದ ಮೇಲೆ ಒಳಗೆ ತರಲು ಹೋದರೆ ಗೌರಮ್ಮ, "ಬ್ಯಾಡ, ಅಲ್ಲೇ ಬಿದ್ದಿರ್ಲಿ ಅದು. ಹಚ್ಚೂ ಬ್ಯಾಡ" ಅಂದುಬಿಟ್ಟರು. ತಂಗಿಯ ಫೋನೂ ಎತ್ತಲಿಲ್ಲ. ಇತ್ತ ಹೊನ್ನಾಳಿಯ ಯಂತ್ರ ಏಳಲಿಲ್ಲ. ಪಾರ್ವತಮ್ಮ ನನಗೆ ಫೋನು ಮಾಡಿದಾಗ ಮಾತಿಗಿಂತ ಅಳುವೇ ಜಾಸ್ತಿ ಇತ್ತು.

ಚನ್ನಗಿರಿಯ ಕೆಲಸ ಮಾರನೇ ದಿನಕ್ಕೆ ತಳ್ಳಿ ಹೊನ್ನಾಳಿಗೆ ಹೋದೆ. ರಾಜಣ್ಣ ತಪ್ಪಿತಸ್ಥರ ಹಾಗೆ ಜಗಲಿಯ ಮೇಲೆ ಕೂತಿದ್ದರು. ಪವರ್ ಸಪ್ಲೈ ಡಬ್ಬಿ ಬದಲಿಸಿದೆ, ಊದುಬತ್ತಿ ಬೂದಿ ಊದಿದೆ, ಯಂತ್ರ ಎದ್ದಿತು. ಜಗಳೂರಿಗೆ ಕಾಲ್ ಹಚ್ಚಿದರೆ ಆ ಕಡೆ ಯಂತ್ರವೇ ಆಫ್. ಮಂಜುಳಗೆ ಫೋನು ಮಾಡಿದೆವು. ಅವರು ಸೊಕ್ಕೆಯಲ್ಲಿ ಮಕ್ಕಳ ಗಲಾಟೆಯ ನಡುವೆ ಕೂಗಿ ಹೇಳಿದರು, "ಪ್ಲಗ್ ಹಾಕೇ ಐತ್ರೀ, ಗುಂಡಿ ಒತ್ತಿದ್ರೆ ಹತ್ತುತ್ತೆ. ಮಧ್ಯಾಹ್ನ ಹೋಗಿ ಒತ್ತುತೀನಿ."

ಪಾರ್ವತಮ್ಮನಿಗೆ ಮಧ್ಯಾಹ್ನದವರೆಗೆ ತಾಳ್ಮೆ ಎಲ್ಲಿ? ಅಕ್ಕನ ಮೊಬೈಲಿಗೆ ಇನ್ನೊಂದು ಸಲ ಹಚ್ಚಿದರು. ಈ ಸಲ ಗೌರಮ್ಮ ಎತ್ತಿದರು.

"ಅಕ್ಕಾ, ನಾನು ಆಫ್ ಮಾಡ್ಲಿಲ್ಲ ಕಣೇ, ನಮ್ಮನೆಯವ್ರು ಪೂಜೆ ಮಾಡಾಕೆ ಹೋಗಿ ಆರಿಸಿದ್ರು. ಆಮೇಲೆ ಅದು ಕೆಟ್ಟೇ ಹೋತು. ಈಗ ಸರಿಯಾಗೈತೆ. ಅದ್ರ ಮುಂದೇನೇ ಕೂತೀನಿ ನೋಡು, ಎಲ್ಲಿಗೂ ಏಳಲ್ಲ."

ಆ ಕಡೆಯಿಂದ ಫೋನು ಕಟ್ಟಾಯಿತು. ಪಾರ್ವತಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ನನಗೆ ಚಹಾ ತರಲು ಕೂಡ ಏಳದೆ ಕೂತುಬಿಟ್ಟರು. ಚಹಾ ರಾಜಣ್ಣನೇ ಮಾಡಿ ತಂದರು, ಸಕ್ಕರೆ ಮರೆತಿದ್ದರು. ನಾನು ಸುಮ್ಮನೆ ಕುಡಿಯುತ್ತಿದ್ದೆ. ಹೊರಟರೆ ಹೊರಡಬಹುದಿತ್ತು, ಮನಸ್ಸು ಬರಲಿಲ್ಲ.

ಚಹಾ ಮುಗಿದು ಬಹಳ ಹೊತ್ತಾಗಿತ್ತು. ತಟಕ್ಕನೆ ಪರದೆ ಬೆಳಗಿತು. ಪರದೆ ತುಂಬಾ ಒಂದು ಹಣೆ, ಹಣೆಯ ತುಂಬಾ ವಿಭೂತಿ, ಅದರ ಮೇಲೆ ಬೆವರು. ಏದುಸಿರು ಸ್ಪೀಕರಿನಲ್ಲಿ ಬುಸ್ ಬುಸ್ ಅನ್ನುತ್ತಿತ್ತು.

"ಹೂರ್ಣ ನೀರಾಗಿತ್ತೋ ಇಲ್ಲೋ, ಅದನ್ನ ಮೊದ್ಲು ಹೇಳು" ಅಂದರು ಗೌರಮ್ಮ.

"ಆಗಿತ್ತು ಕಣೇ, ಆಗಿತ್ತು! ಹೋಳಿಗೆ ಎಲ್ಲಾ ಒಡೆದು ಹೋದ್ವು!" ಅಂತ ಪಾರ್ವತಮ್ಮ ಅಳುತ್ತ ನಕ್ಕರು. ಆಮೇಲೆ ಏನೋ ಹೊಳೆದವರಂತೆ ಕೇಳಿದರು, "ಅಕ್ಕಾ, ಮಂಜುಳ ಬಂದ್ಲಾ?"

"ಅವಳೆಲ್ಲಿ ಬರ್ತಾಳೆ, ಸೊಕ್ಕೆಯಾಗದಾಳೆ."

"ಮತ್ತೆ ಯಾರು ಹಚ್ಚಿದ್ರು?"

ಗೌರಮ್ಮ ತಲೆ ಬಗ್ಗಿಸಿ ತಮ್ಮ ಕಾಲು ನೋಡಿಕೊಂಡರು, ವಾಕರ್ ಹಿಡಿದಿದ್ದ ಕೈ ನೋಡಿಕೊಂಡರು. ವಾಕರಿನ ಮೇಲೆ ಟವೆಲ್ ಇನ್ನೂ ನೇತಾಡುತ್ತಿತ್ತು.

"ಲೇ ಪಾರೀ... ನಾನೇ ಕಣೇ!" ಅಂದರು. ಮರುಗಳಿಗೆಯೇ ಹೆದರಿಕೆ ಹತ್ತಿತು.

"ಯಪ್ಪಾ ಶಿವನೇ, ಈಗ ವಾಪಸ್ ಹೆಂಗೆ ಹೋಗ್ಲೇ?"

"ಬಂದಂಗೇ ಹೋಗು!" ಅಂತ ಪಾರ್ವತಮ್ಮ ಗದರಿದರು. ರಾಜಣ್ಣ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ನಾಚಿಕೆಯೇನು? ಗೌರಮ್ಮ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಸುಧಾರಿಸಿಕೊಂಡು, ಮಂಜುಳ ಬರುವವರೆಗೆ ಅಲ್ಲೇ ಕೂತು ಮಾತಾಡಿದರು.

ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವಾಗ ಪಾರ್ವತಮ್ಮ ಬಾಗಿಲವರೆಗೆ ಬಂದು, ಪರದೆಗೆ ಕೇಳದಂತೆ ದನಿ ತಗ್ಗಿಸಿದರು.

"ನೀವು ಮೊದಲ್ನಿಂದ್ಲೂ ಆಫ್ ಮಾಡ್ರಿ ಅಂತಿದ್ರಲ್ಲ ಮಲ್ಲೇಶಪ್ಪಾರೇ?"

"ಹೌದ್ರೀ."

"ಆಫ್ ಮಾಡ್ಸಾನ. ಅಲ್ಲಿ. ದಿನಾ. ಮತ್ತೆ ಅದು ಹಾಲ್‌ನಾಗೇ ಇರ್ಲಿ, ಕೋಣೆಗೆ ತರೋದು ಬ್ಯಾಡ."

ನಮ್ಮ ಯಜಮಾನರಿಗೂ ಹೊಳೆಯದ ಕಾರಣಕ್ಕೆ ಅವತ್ತು ನಾನು ಫೋನಿನಲ್ಲಿ ಮಂಜುಳಗೆ ದಿನಾ ಆಫ್ ಮಾಡಲು ಹೇಳಿದೆ. ಮಂಜುಳ ಮಲಗುವ ಮುಂಚೆ ದಿನಾ ಯಂತ್ರ ಆರಿಸತೊಡಗಿದರು. "ಆಫ್ ಮಾಡ್ಲಿಲ್ಲ ಅಂದ್ರೆ ಸುಟ್ಟು ಹೋಗ್ತೈತಂತೆ ಅತ್ತೆ, ಮಲ್ಲೇಶಪ್ಪಾರು ಹೇಳ್ಯಾರೆ" ಅಂತ ನನ್ನ ಹೆಸರು ಮುಂದೆ ಮಾಡಿದರು. ಬೆಳಿಗ್ಗೆ ಸೊಕ್ಕೆ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಹಚ್ಚುವುದನ್ನು ದಿನಾ 'ಮರೆತರು'. ಗೌರಮ್ಮ ಸೊಸೆಗೆ ಬೈಯುತ್ತ, ನನಗೆ ಬೈಯುತ್ತ, ವಾಕರ್ ಹಿಡಿದು ಬಂದು ಗುಂಡಿ ಒತ್ತುತ್ತಿದ್ದರು. ಹೊನ್ನಾಳಿಯಲ್ಲಿ ಪಾರ್ವತಮ್ಮ ಕಾಫಿ ಲೋಟ ಹಿಡಿದು ಕಾಯುತ್ತಿದ್ದರು, ಅಕ್ಕ ಕಾಣುವವರೆಗೆ ಕುಡಿಯುತ್ತಿರಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ನಾನು ಜಗಳೂರಿಗೆ ಹೋದಾಗೆಲ್ಲ ಪಾರ್ವತಮ್ಮನ ಫೋನು ಮುಂಚೆಯೇ ಬಂದಿರುತ್ತಿತ್ತು: ಇನ್ನೊಂದು ಸ್ವಲ್ಪ ದೂರ ಸರಿಸ್ರಿ. ಹಾಲಿನ ಈ ಗೋಡೆಯಿಂದ ಆ ಗೋಡೆಗೆ, ಅಲ್ಲಿಂದ ಕಿಟಕಿಯ ಹತ್ತಿರ, ಕಿಟಕಿಯಿಂದ ಮುಂದಿನ ಪಡಸಾಲೆಗೆ. ನಾನು ವೈರು ಉದ್ದ ಮಾಡುತ್ತ ಹೋದೆ.

"ಏನಪ್ಪಾ ಮಲ್ಲೇಶಪ್ಪಾ, ನಿನ್ನ ಕಂಪ್ಯೂಟರಿಗೆ ಕಾಲು ಬಂದಾವಾ? ಬಂದಾಗೊಮ್ಮೆ ಒಂದೊಂದು ಕಡೆ ಇರ್ತೈತಲ್ಲ" ಅಂತ ಗೌರಮ್ಮ ಕೇಳಿದರು.

"ಇಲ್ಲಿ ಸಿಗ್ನಲ್ ಚಲೋ ಬರ್ತೈತ್ರೀ ಅಮ್ಮಾರೇ" ಅಂದೆ.

ವೈರಿನಲ್ಲಿ ಬರುವುದಕ್ಕೆ ಯಾವ ಸಿಗ್ನಲ್ಲು! ಕಸುಬಿನಲ್ಲಿ ಹೇಳಿದ ಸುಳ್ಳುಗಳಲ್ಲಿ ಇದೊಂದನ್ನು ಮತ್ತೆ ಬೇಕಾದರೂ ಹೇಳುತ್ತೇನೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಹ್ಞೂಂ, ಬರ್ತೈತೆ ಬರ್ತೈತೆ" ಅಂದರು. ಗೊತ್ತಾಗಿತ್ತೋ ಏನೋ. ಬೈಯಲಂತೂ ಇಲ್ಲ. ಅಷ್ಟರಲ್ಲಿ ವಾಕರ್ ಹೋಗಿ ಕೈಗೆ ಬರೀ ಕೋಲು ಬಂದಿತ್ತು.

ನಾನು ನಿವೃತ್ತನಾದೆ. ಯಜಮಾನರು ಶಾಲು ಹೊದಿಸಿ, ಜೊತೆಗೆ ಒಂದು ಹೊಸ ರಬ್ಬರ್ ಕೊಟ್ಟು ಎಲ್ಲರನ್ನೂ ನಗಿಸಿದರು. ಹೊನ್ನಾಳಿಯಲ್ಲೇ ಮನೆ ಮಾಡಿದ್ದೇನೆ. ಈಗಲೂ ಸಂತೆಗೆ ಹೋದರೆ ಜನ ಚೀಲ ಹಿಡಿದು ನಿಲ್ಲಿಸಿ ಆ ಹಳೇ ಪ್ರಶ್ನೆ ಕೇಳುತ್ತಾರೆ. ಮೊದಲಿನ ಹಾಗೆ ತಟ್ಟನೆ ಉತ್ತರ ಹೇಳುವುದಿಲ್ಲ. ಅದನ್ನು ಯಾತಕ್ಕೆ ಹಚ್ಚಿಟ್ಟಿದ್ದೀರಿ ಅಂತ ಮೊದಲು ಕೇಳುತ್ತೇನೆ. ನೀವೂ ಮೊದಲು ಅದನ್ನು ಕೇಳಿ, ಸ್ಕ್ರೂಡ್ರೈವರ್ ಆಮೇಲೆ ತೆಗೆಯಿರಿ.

ಮೊನ್ನೆ ಮೊನ್ನೆ ಒಂದು ದಿನ ಬೆಳಿಗ್ಗೆ ಪಾರ್ವತಮ್ಮನ ಫೋನು ಬಂತು. 

"ಅಕ್ಕ ಇನ್ನೂ ಹಚ್ಚಿಲ್ಲ ಮಲ್ಲೇಶಪ್ಪಾರೇ. ಇಷ್ಟು ಹೊತ್ತು ಯಾವತ್ತೂ ಮಾಡಿಲ್ಲ. ಮೊಬೈಲ್ ಎತ್ತಲ್ಲ, ಮಂಜುಳಾನೂ ಎತ್ತಲ್ಲ. ಮತ್ತೆ ಬಿದ್ಲೋ ಏನೋ! ಅಷ್ಟು ದೂರ ಇಡ್ಸಿದ್ದು ನಾನೇ, ನಾನೇ ಇಡ್ಸಿದ್ದು."

ಚಪ್ಪಲಿ ಮೆಟ್ಟಿಕೊಂಡು ಓಡಿದೆ. ನೆಟ್ ಸರಿಯಿತ್ತು, ಯಂತ್ರ ಸರಿಯಿತ್ತು. ಪರದೆಯ ಮೇಲೆ ಗೌರಮ್ಮನ ಫೋಟೋ, ಕಾಲ್ ಹೋಗುತ್ತಲೇ ಇದೆ, ಆ ಕಡೆ ತೆಗೆಯುವವರಿಲ್ಲ. ಪಾರ್ವತಮ್ಮನ ಪಕ್ಕದಲ್ಲಿ ಕಾಫಿ ಕೆನೆಗಟ್ಟಿ ಕೂತಿತ್ತು. ರಾಜಣ್ಣ ಜಗಳೂರಿಗೆ ಹೋಗಲು ಅಂಗಿ ಹಾಕಿಕೊಳ್ಳುತ್ತಿದ್ದರು. ಇಡಿಸಿದ್ದು ಅವರಾದರೂ ವೈರು ಉದ್ದ ಮಾಡಿದ ಕೈ ನನ್ನದಲ್ಲವೇ?

ಹೊರಗೆ ಆಟೋ ನಿಂತ ಸದ್ದಾಯಿತು. ಮೊದಲು ಒಂದು ಕೋಲು ಕಂಡಿತು, ಆಮೇಲೆ ಗೌರಮ್ಮ. ಹಿಂದೆ ಮಂಜುಳ, ಕೈಯಲ್ಲಿ ಬ್ಯಾಗು. ಅತ್ತೆ ಫೋನು ಎತ್ತಲು ಬಿಟ್ಟಿಲ್ಲ ಅಂತ ಅವರ ಮುಖವೇ ಹೇಳುತ್ತಿತ್ತು. ಗೌರಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಕೆಳಗೆ ನೋಡಿಕೊಂಡು ಬಲಗಾಲು ಎತ್ತಿ ಹೊಸ್ತಿಲು ದಾಟಿಸಿದರು, ಆಮೇಲೆ ಎಡಗಾಲು. ಯಾರ ಕೈಯನ್ನೂ ಹಿಡಿಯಲಿಲ್ಲ.

ಒಳಗೆ ಬಂದವರು ಪರದೆಯ ಮೇಲೆ ಇನ್ನೂ ರಿಂಗಾಗುತ್ತಿದ್ದ ತಮ್ಮದೇ ಫೋಟೋ ನೋಡಿದರು.

"ಆಫ್ ಮಾಡೇ ಪಾರೀ ಅದನ್ನ" ಅಂದರು. "ನಾನೇ ಬಂದೀನಲ್ಲ."

ಪಾರ್ವತಮ್ಮ ಆಗಲೇ ಎದ್ದು ಹೋಗಿ ಅಕ್ಕನನ್ನು ತಬ್ಬಿಕೊಂಡಿದ್ದರು. ನಾನೇ ಆಫ್ ಮಾಡಿದೆ.